ನಡಿಗೆಯೂ ಪಥ್ಯವೂ ತಪ್ಪಿಹೋದ ಮೇಲೆ ಮತ್ತೆ ಹೇಗೆ ಆರಂಭಿಸಲಿ?

ಪ್ರಶ್ನೆ (ಡೊಂಬಿವಲಿಯಿಂದ):
ಮಾನ್ಯರೇ, ನನಗೆ 46 ವರ್ಷ. ಜನವರಿಯ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ಮಟ್ಟ) 6.2 ಬಂದು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ವೈದ್ಯರು ಎಚ್ಚರಿಸಿದ ಮೇಲೆ, ಬೆಳಿಗ್ಗೆ ಐದಕ್ಕೆ ಎದ್ದು 40 ನಿಮಿಷ ನಡೆಯುವುದನ್ನೂ, ರಾತ್ರಿ ಅನ್ನದ ಬದಲು ಎರಡು ಜೋಳದ ರೊಟ್ಟಿ, ಪಲ್ಯ ಉಣ್ಣುವುದನ್ನೂ ರೂಢಿಸಿಕೊಂಡು ಐದು ತಿಂಗಳಲ್ಲಿ ಆರು ಕಿಲೋ ಇಳಿಸಿದ್ದೆ. ಜೂನಿನಲ್ಲಿ ಮಳೆ ಹಿಡಿದು ನಡಿಗೆ ನಿಂತಿತು. ಆಮೇಲೆ ಜ್ವರ, ಅದರ ಹಿಂದೆಯೇ ಗಣೇಶ ಚತುರ್ಥಿ, ಮನೆ ತುಂಬ ನೆಂಟರು, ಕರ್ಚಿಕಾಯಿ, ಹೋಳಿಗೆ. ಈಗ ನಾಲ್ಕು ಕಿಲೋ ಮರಳಿ ಬಂದಿದೆ. ಸಂಜೆ ಲೋಕಲ್ ಇಳಿದು ಒಂದು ವಡಾಪಾವ್ ತಿಂದರೆ, ಹೇಗೂ ವ್ರತ ಕೆಟ್ಟಿತು, ಇನ್ನೊಂದು ತಿಂದರೇನು ಎಂದು ಮನಸ್ಸು ಹೇಳುತ್ತದೆ. ಬಾಗಿಲ ಬಳಿಯ ಬೂಟುಗಳನ್ನು ನೋಡಲೂ ನಾಚಿಕೆಯಾಗುತ್ತಿದೆ.

ಉತ್ತರ 1 (ಮುಲುಂಡ್‌ನಿಂದ):
ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ವ್ರತ’ ಎಂಬ ಮಾತು. ವ್ರತಕ್ಕೆ ಭಂಗವುಂಟು, ಭಂಗವಾದರೆ ಹಿಂದಿನ ದಿನಗಳ ಫಲವೂ ಹೋಯಿತೆಂಬ ಭಾವನೆಯುಂಟು. ‘ವ್ರತ ಕೆಟ್ಟರೂ ಸುಖ ಪಡಬೇಕು’ ಎಂಬ ಗಾದೆ ಹುಟ್ಟಿದ್ದೇ ಅಲ್ಲಿಂದ. ಊಟಕ್ಕೂ ನಡಿಗೆಗೂ ಈ ಲೆಕ್ಕವನ್ನು ದಯವಿಟ್ಟು ಹಚ್ಚಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲನ್ ಮಾರ್ಲಟ್ ಅವರು ಕುಡಿತ ಬಿಟ್ಟವರನ್ನು ಅಧ್ಯಯನ ಮಾಡುವಾಗ ಗುರುತಿಸಿದ್ದೂ ಇದನ್ನೇ: ಒಮ್ಮೆ ಜಾರಿದವನು ಅದನ್ನು ತನ್ನ ದೌರ್ಬಲ್ಯವೆಂದು ಹಳಿದುಕೊಂಡಾಗ, ಆ ಹಳಿದುಕೊಳ್ಳುವಿಕೆಯೇ ಅವನನ್ನು ಪೂರ್ತಿ ಹಳೆಯ ದಾರಿಗೆ ತಳ್ಳುತ್ತದೆ. ಎರಡನೆಯ ವಡಾಪಾವ್ ತಿನ್ನಿಸುವುದು ಹಸಿವೆಯಲ್ಲ, ಆ ನಾಚಿಕೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ನೆಲೆಗೊಳ್ಳಲು ಬೇಕಾದ ಅವಧಿ 18 ದಿನಗಳಿಂದ 254 ದಿನಗಳವರೆಗೆ ಇತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ನಿಮ್ಮದು ಒಂದು ದಿನವಲ್ಲ, ಮೂರು ತಿಂಗಳು ಎಂಬುದು ನಿಜ. ಆದ್ದರಿಂದ ಒಂದೇ ವಾರದಲ್ಲಿ ಹಳೆಯ ಉತ್ಸಾಹ ಬರಲಿಲ್ಲವೆಂದು ನೊಂದುಕೊಳ್ಳಬೇಡಿ, ತಿಂಗಳುಗಟ್ಟಲೆ ಕಾಲ ಕೊಡಿ. ಇಳಿಸಿದ್ದರಲ್ಲಿ ಎರಡು ಕಿಲೋ ಇನ್ನೂ ಉಳಿದಿದೆಯಲ್ಲವೇ?

ಉತ್ತರ 2 (ಪುಣೆಯಿಂದ):
ಅಣ್ಣ, ನಾನು ಪ್ರತಿದಿನ ಪರ್ವತಿ ಗುಡ್ಡದ 103 ಮೆಟ್ಟಿಲು ಹತ್ತುತ್ತಿದ್ದವಳು. ಮಂಡಿನೋವಿನಿಂದ ನಾಲ್ಕು ತಿಂಗಳು ಬಿಟ್ಟು, ಮತ್ತೆ ಹೋದ ದಿನ ಮೊದಲಿನಂತೆಯೇ ಹತ್ತಲು ಹೊರಟು ಅರ್ಧದಲ್ಲಿ ಕುಳಿತು ಅತ್ತೆ. ಮರುದಿನ ಇಪ್ಪತ್ತೇ ಮೆಟ್ಟಿಲು ಹತ್ತಿ, ಸಾಕೆಂದು ಇಳಿದೆ. ನೀವೂ ಹತ್ತು ನಿಮಿಷದಿಂದ ಆರಂಭಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಎಂದು ಹೇಳುವ ವಿಶ್ವ ಆರೋಗ್ಯ ಸಂಸ್ಥೆಯೇ, 2020ರ ಮಾರ್ಗಸೂಚಿಯಲ್ಲಿ, ಎಷ್ಟು ಸಣ್ಣ ಅವಧಿಯ ಚಲನೆಯಾದರೂ ಲೆಕ್ಕಕ್ಕೆ ಬರುತ್ತದೆ ಎಂದಿದೆ. ಹಬ್ಬದ ಮರುದಿನ ತೂಕ ನೋಡಬೇಡಿ. ಒಮ್ಮೆಲೇ ಏರಿದ ತೂಕದಲ್ಲಿ ಬಹುಪಾಲು ದೇಹ ಹಿಡಿದಿಟ್ಟ ನೀರೇ ಇರುತ್ತದೆ.

ಉತ್ತರ 3 (ಮಾಟುಂಗಾದಿಂದ):
ಮಳೆಗಾಲ ಮುಂದಿನ ವರ್ಷವೂ ಬರುವುದರಿಂದ ಅದಕ್ಕೊಂದು ಬದಲಿ ಈಗಲೇ ಇರಲಿ. ನಮ್ಮ ಕಟ್ಟಡದಲ್ಲಿ ನಾಲ್ವರು ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೆಟ್ಟಿಲು ಮತ್ತು ಪಡಸಾಲೆಯಲ್ಲೇ ನಡೆಯುತ್ತೇವೆ. ಸಕ್ಕರೆ ಅಂಟಿಕೊಳ್ಳುವ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಜನವರಿಯ ನಂತರ ಮತ್ತೆ ಪರೀಕ್ಷೆ ಮಾಡಿಸಿದ್ದೀರಾ? ಇಲ್ಲವಾದರೆ ಈ ವಾರವೇ ವೈದ್ಯರನ್ನು ಕಂಡು, ಬಂದ ಅಂಕಿಯನ್ನು ಇಲ್ಲಿ ತಿಳಿಸಿ.