ನಿವೇಶನ ಮಾರಿದ ಹಣವನ್ನು ಬ್ಯಾಂಕಿನ ಪರ್ಪೆಚುಯಲ್ ಬಾಂಡ್‌ನಲ್ಲಿ ಹಾಕಬಹುದೇ? ಅನುಭವ ಇರುವವರು ತಿಳಿಸಿ

ಪ್ರಶ್ನೆ: ನಿವೃತ್ತ ಪ್ರೌಢಶಾಲಾ ಶಿಕ್ಷಕ, ಶಿವಮೊಗ್ಗ

ಹಳೆಯ ನಿವೇಶನವೊಂದನ್ನು ಮಾರಿ ತೆರಿಗೆ ಕಟ್ಟಿದ ಮೇಲೆ 1 ಕೋಟಿ 12 ಲಕ್ಷ ರೂಪಾಯಿ ನನ್ನ ಉಳಿತಾಯ ಖಾತೆಯಲ್ಲಿ ಉಳಿದಿದೆ. ಖಾತೆ ಇರುವ ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರ್ ಮನೆಗೇ ಬಂದು, ದೇಶದ ದೊಡ್ಡ ಬ್ಯಾಂಕೊಂದರ ಎಟಿ-1 (ಅಡಿಷನಲ್ ಟಿಯರ್-1, ಬ್ಯಾಂಕು ತನ್ನ ಬಂಡವಾಳಕ್ಕೆಂದು ಎತ್ತುವ) ಬಾಂಡನ್ನು 1 ಕೋಟಿಗೆ ಕೊಂಡರೆ ಎಫ್‌ಡಿಗಿಂತ ಶೇ 1ಕ್ಕೂ ಹೆಚ್ಚು ಬಡ್ಡಿ ಬರುತ್ತದೆ, ಐದು ವರ್ಷಕ್ಕೆ ಅಸಲು ಕೈಗೆ ಬರುತ್ತದೆ, ಇಷ್ಟು ದೊಡ್ಡ ಬ್ಯಾಂಕು ಮುಳುಗುವ ಮಾತೇ ಇಲ್ಲ ಎಂದು ಹೇಳಿ, ನಾಲ್ಕು ಪುಟದ ಟರ್ಮ್ ಶೀಟ್ ಒಂದನ್ನು ಕೊಟ್ಟು ಹೋಗಿದ್ದಾರೆ. ಅದರಲ್ಲಿ ಅವಧಿ ಎಂಬ ಸಾಲಿನ ಎದುರು "ಪರ್ಪೆಚುಯಲ್" ಎಂದೂ, ಅದರ ಕೆಳಗೆ ಐದು ವರ್ಷದ ನಂತರದ ಒಂದು "ಕಾಲ್ ದಿನಾಂಕ"ವೂ ಇದೆ. ನಮ್ಮ ಪಿಂಚಣಿ ಮನೆ ಖರ್ಚಿಗೆ ಸಾಕಾಗುತ್ತದೆ. ಈ ಹಣ ನಮ್ಮಿಬ್ಬರ ಆಸ್ಪತ್ರೆ ಖರ್ಚಿಗೂ ಮಗಳಿಗೂ ಮೀಸಲು. ಇಂಥ ಬಾಂಡ್ ಕೊಂಡು ಅನುಭವ ಇರುವವರು, ಲಾಭವಾಗಿದ್ದರೂ ನಷ್ಟವಾಗಿದ್ದರೂ, ದಯವಿಟ್ಟು ಬರೆಯಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಮೇಷ್ಟ್ರೇ, ಮೊದಲು ಆ "ಐದು ವರ್ಷ"ದ ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ಪರ್ಪೆಚುಯಲ್ ಎಂದರೆ ಅಸಲನ್ನು ಹಿಂದಿರುಗಿಸುವ ದಿನವೇ ಇಲ್ಲದ ಕಾಗದ. ಕಾಲ್ ದಿನಾಂಕ ಎಂಬುದು ಬ್ಯಾಂಕಿಗೆ ಇರುವ ಹಕ್ಕು, ನಿಮಗಲ್ಲ. ಬ್ಯಾಂಕು ಬಯಸಿದರೆ, ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಸಿಕ್ಕರೆ, ಅಂದು ಹಣ ಮರಳಿಸಬಹುದು, ಇಲ್ಲವಾದರೆ ಸುಮ್ಮನಿರಬಹುದು. ಸಾಮಾನ್ಯವಾಗಿ ಬ್ಯಾಂಕುಗಳು ಮರಳಿಸುತ್ತವೆ ಎಂಬುದು ನಿಜವೇ, ಆದರೆ ಅದು ರೂಢಿಯೇ ಹೊರತು ಕರಾರಲ್ಲ. ಸ್ಪೇನಿನ ಸ್ಯಾಂಟಂಡೆರ್‌ನಂಥ ಬ್ಯಾಂಕೇ 2019ರ ಫೆಬ್ರವರಿಯಲ್ಲಿ 150 ಕೋಟಿ ಯೂರೋಗಳ ಎಟಿ-1 ಬಾಂಡನ್ನು ಮೊದಲ ಕಾಲ್ ದಿನಾಂಕದಂದು ಮರಳಿಸದೆ ಬಿಟ್ಟಿತು, ಏಕೆಂದರೆ ಹೊಸ ಬಾಂಡ್ ಹೊರಡಿಸುವುದಕ್ಕಿಂತ ಹಳೆಯದನ್ನು ಮುಂದುವರಿಸುವುದೇ ಅದಕ್ಕೆ ಅಗ್ಗವಾಗಿತ್ತು. ನಿಮ್ಮ ಮ್ಯಾನೇಜರ್ ಬ್ಯಾಂಕಿನ ಹಕ್ಕನ್ನು ನಿಮ್ಮ ಹಕ್ಕೆಂದು ಓದಿ ಹೇಳಿದ್ದಾರೆ.

ಇನ್ನು ಬ್ಯಾಂಕು ಈ ಹಣವನ್ನು ಏಕೆ ಎತ್ತುತ್ತದೆ ಎಂಬುದು. ಬ್ಯಾಂಕು ಕೊಟ್ಟ ಸಾಲಗಳು ಕೆಟ್ಟಾಗ ಆ ನಷ್ಟ ಠೇವಣಿದಾರರವರೆಗೆ ಬರದಂತೆ ನಡುವೆ ಬಂಡವಾಳದ ಕಟ್ಟೆ ಇರಬೇಕೆಂಬುದು ನಿಯಮ. ನಮ್ಮಲ್ಲಿ ಅಪಾಯಕ್ಕೆ ತಕ್ಕಂತೆ ತೂಗಿದ ಆಸ್ತಿಯ ಮೇಲೆ ಕನಿಷ್ಠ ಶೇ 9, ಅದರ ಮೇಲೆ ಕಾಪು ಬಂಡವಾಳ ಶೇ 2.5, ಒಟ್ಟು ಶೇ 11.5 ಇರಬೇಕು. ಇದರಲ್ಲಿ ಷೇರು ಬಂಡವಾಳವೇ ಮುಖ್ಯ ಪಾಲು. ಉಳಿದ ಸ್ವಲ್ಪ ಭಾಗವನ್ನು ಎಟಿ-1 ಬಾಂಡ್‌ನಿಂದಲೂ, ಟಿಯರ್-2 ಎಂಬ ಅಧೀನ ಸಾಲಪತ್ರದಿಂದಲೂ ತುಂಬಿಕೊಳ್ಳಲು ಅವಕಾಶವಿದೆ. ಅಂದರೆ ನೀವು ಕೊಡುವ 1 ಕೋಟಿ ನಷ್ಟ ನುಂಗುವುದಕ್ಕೆಂದೇ ಇಟ್ಟ ಹಣ. ಹೆಚ್ಚಿನ ಬಡ್ಡಿ ಅದರ ಕೂಲಿ.

ನಮ್ಮ ಕಡೆಯ ಮದುವೆ ಊಟಕ್ಕೆ ಹೋಲಿಸಿ ಹೇಳುವುದಾದರೆ, ಮೊದಲ ಪಂಕ್ತಿ ಠೇವಣಿದಾರರದು, ಆಮೇಲಿನದು ಟಿಯರ್-2 ಹಿಡಿದವರದು, ಅದರ ನಂತರ ಎಟಿ-1, ಎಲ್ಲರದೂ ಮುಗಿದ ಮೇಲೆ ಮನೆಯವರಾದ ಷೇರುದಾರರು. ಪಾಯಸ ಸಾಲದಿದ್ದರೆ ಯಾರ ಎಲೆಗೆ ಬೀಳುವುದಿಲ್ಲವೆಂದು ಮೊದಲೇ ಗೊತ್ತು. ಎಟಿ-1 ಕರಾರಿನಲ್ಲಿ ಇದಲ್ಲದೆ ಇನ್ನೆರಡು ಮಾತುಗಳಿವೆ: ಬ್ಯಾಂಕಿಗೆ ಲಾಭ ಸಾಲದಿದ್ದರೆ ಆ ವರ್ಷದ ಬಡ್ಡಿಯನ್ನು ಕೈಬಿಡಬಹುದು, ಹಾಗೆ ಬಿಟ್ಟದ್ದು ಮುಂದಿನ ವರ್ಷಕ್ಕೆ ಬಾಕಿಯಾಗಿಯೂ ಉಳಿಯುವುದಿಲ್ಲ, ಷೇರು ಬಂಡವಾಳದ ಪ್ರಮಾಣ ಶೇ 6.125ಕ್ಕಿಂತ ಕೆಳಗೆ ಇಳಿದರೆ, ಅಥವಾ ಬ್ಯಾಂಕು ತನ್ನ ಕಾಲ ಮೇಲೆ ನಿಲ್ಲಲಾರದೆಂದು ರಿಸರ್ವ್ ಬ್ಯಾಂಕ್ ತೀರ್ಮಾನಿಸಿದರೆ, ಅಸಲನ್ನೇ ಬರೆದುಹಾಕಬಹುದು, ಅಂದರೆ ಲೆಕ್ಕದಿಂದ ತೆಗೆದು ಸೊನ್ನೆ ಮಾಡಬಹುದು. ನಿಮ್ಮ ಟರ್ಮ್ ಶೀಟ್‌ನ ಮೂರನೆಯ ಅಥವಾ ನಾಲ್ಕನೆಯ ಪುಟದಲ್ಲಿ, ಕನ್ನಡಕ ಸರಿಪಡಿಸಿಕೊಂಡು ಓದಬೇಕಾದ ಅಕ್ಷರಗಳಲ್ಲಿ, "ಲಾಸ್ ಅಬ್ಸಾರ್ಪ್ಷನ್" ಎಂಬ ತಲೆಬರಹದ ಕೆಳಗೆ ಇದು ಇದ್ದೇ ಇರುತ್ತದೆ.

ಬ್ಯಾಂಕು ಮುಳುಗುವುದಿಲ್ಲ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಎಸ್ ಬ್ಯಾಂಕ್ ಕೂಡ ಮುಳುಗಲಿಲ್ಲ. 2020ರ ಮಾರ್ಚ್ 5ರಂದು ಅದರ ಮೇಲೆ ನಿರ್ಬಂಧ ಹೇರಿ, ಠೇವಣಿದಾರರು ಹಣ ತೆಗೆಯುವುದಕ್ಕೆ 50 ಸಾವಿರ ರೂಪಾಯಿಯ ಮಿತಿ ಹಾಕಿದರು. ಸ್ಟೇಟ್ ಬ್ಯಾಂಕ್ ಮತ್ತಿತರ ಬ್ಯಾಂಕುಗಳು ಬಂಡವಾಳ ಹಾಕಿದವು. ಮಾರ್ಚ್ 18ಕ್ಕೆ ನಿರ್ಬಂಧ ತೆರವಾಯಿತು, ಠೇವಣಿದಾರರಿಗೆ ಒಂದು ಪೈಸೆಯೂ ಹೋಗಲಿಲ್ಲ. ಷೇರುದಾರರ ಷೇರುಗಳೂ ಉಳಿದವು, ನೂರಕ್ಕಿಂತ ಹೆಚ್ಚು ಇದ್ದವರಿಗೆ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರುವಂತಿಲ್ಲ ಎಂಬ ನಿರ್ಬಂಧ ಮಾತ್ರ ಬಿತ್ತು. ಎಟಿ-1 ಬಾಂಡ್‌ಗಳ 8,415 ಕೋಟಿ ರೂಪಾಯಿ ಮಾತ್ರ ಸೊನ್ನೆಯಾಯಿತು. ಬ್ಯಾಂಕು ಇಂದಿಗೂ ಇದೆ. ಬ್ಯಾಂಕು ಉಳಿಯುವುದು ಬೇರೆ, ಅದರ ಬಾಂಡ್ ಉಳಿಯುವುದು ಬೇರೆ ಎಂಬುದನ್ನು ವೃತ್ತಿಯಲ್ಲಿದ್ದ ನಾವೂ ಅಂದೇ ಸರಿಯಾಗಿ ಕಲಿತದ್ದು.

ಮಗಳೊಬ್ಬಳು, ಹುಬ್ಬಳ್ಳಿ

ನಮ್ಮ ಅಪ್ಪನಿಗೆ ಇಂಥದೇ ಬಾಂಡನ್ನು 2019ರಲ್ಲಿ, ತಲಾ 10 ಲಕ್ಷದ ಎರಡು, ಒಂದು ಬ್ಯಾಂಕಿನ ಶಾಖೆಯಲ್ಲಿ ಕೂರಿಸಿ ಮಾರಿದ್ದರು. ಅವಧಿ ಮುಗಿಯದ ಎಫ್‌ಡಿ ಒಡೆಸಿಯೇ ಮಾರಿದ್ದರು. ಬಾಂಡ್ ಹೊರಡಿಸಿದ ಬ್ಯಾಂಕಿಗೆ ಏನೂ ಆಗಲಿಲ್ಲ, ವರ್ಷಕ್ಕೊಮ್ಮೆ ಬಡ್ಡಿ ತಪ್ಪದೆ ಬಂತು. ಆದರೆ 2020ರ ಬೇಸಿಗೆಯಲ್ಲಿ ಅಪ್ಪನ ಶಸ್ತ್ರಚಿಕಿತ್ಸೆಗೆ ಹಣ ಬೇಕಾಗಿ ಮಾರಲು ಹೋದರೆ, ಎಸ್ ಬ್ಯಾಂಕ್ ಪ್ರಕರಣದ ಬೆನ್ನಿಗೇ ಎಲ್ಲ ಬ್ಯಾಂಕುಗಳ ಎಟಿ-1 ಹೆಸರು ಕೇಳಿದರೂ ಕೊಳ್ಳುವವರು ಮುಖ ತಿರುಗಿಸುತ್ತಿದ್ದರು. ಹನ್ನೊಂದು ದಿನ ಕಾದ ಮೇಲೆ ಒಬ್ಬ ದಲ್ಲಾಳಿ 10 ಲಕ್ಷದ ಕಾಗದಕ್ಕೆ 8 ಲಕ್ಷ 70 ಸಾವಿರ ಹೇಳಿದ. ಒಂದನ್ನು ಕೊಟ್ಟೆವು. ಎಫ್‌ಡಿ ಆಗಿದ್ದರೆ ಬೆಳಿಗ್ಗೆ ಅರ್ಜಿ ಕೊಟ್ಟು ಮಧ್ಯಾಹ್ನ ಹಣ ತರಬಹುದಿತ್ತು. ಆಸ್ಪತ್ರೆಯ ಹಣವೆಂದು ನೀವೇ ಬರೆದಿದ್ದೀರಿ, ಅದಕ್ಕೇ ಇದನ್ನು ಹೇಳಬೇಕೆನಿಸಿತು ಸರ್.

ಕಾರ್ಖಾನೆಯೊಂದರ ಭವಿಷ್ಯ ನಿಧಿ ಟ್ರಸ್ಟಿನ ಮಾಜಿ ಸದಸ್ಯ, ಬೆಂಗಳೂರು

ಬ್ಯಾಂಕ್ ಬಾಂಡ್ ಎಂದರೆಲ್ಲ ವಿಷ ಎಂಬಂತೆ ಆಗಬಾರದು ಎಂಬ ಕಾರಣಕ್ಕೆ ನನ್ನ ಅನುಭವ ಬರೆಯುತ್ತಿದ್ದೇನೆ. ನಮ್ಮ ಟ್ರಸ್ಟಿನಲ್ಲಿ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕಿನ ಟಿಯರ್-2 ಬಾಂಡ್‌ಗಳಿದ್ದವು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ ನಮ್ಮಲ್ಲಿ ಕೆಲವರಿಗೆ ಆತಂಕವಾಯಿತು, ನಿಜಕ್ಕೂ ಏನೂ ಆಗಲಿಲ್ಲ. ಸಾಲದ ಹೊಣೆ ಹೊಸ ಬ್ಯಾಂಕಿಗೆ ಹೋಯಿತು, ಡಿಮ್ಯಾಟ್ ವಿವರದಲ್ಲಿ ಹೆಸರು ಬದಲಾಯಿತು, ಬಡ್ಡಿ ಅದೇ ತಾರೀಖಿಗೆ ಬಂತು. ಬಾಂಡಿನ ದುಃಖಕ್ಕಿಂತ ಊರಿನ ಬ್ಯಾಂಕಿನ ಹೆಸರು ಹೋದ ದುಃಖವೇ ಹೆಚ್ಚಾಯಿತು ಎನ್ನಬಹುದು.

ಟಿಯರ್-2ಗೂ ಎಟಿ-1ಗೂ ಇರುವ ಅಂತರ ಸಣ್ಣದಲ್ಲ. ಟಿಯರ್-2ಗೆ ಅವಧಿ ಇದೆ, ಕನಿಷ್ಠ ಐದು ವರ್ಷ. ಲಾಭ ಕಡಿಮೆಯಾಯಿತೆಂದು ಬಡ್ಡಿಯನ್ನು ಬ್ಯಾಂಕು ತನ್ನಿಷ್ಟಕ್ಕೆ ಕೈಬಿಡುವಂತಿಲ್ಲ. ಅದರ ಕೊನೆಯ ಐದು ವರ್ಷಗಳಲ್ಲಿ ವರ್ಷಕ್ಕೆ ಶೇ 20ರಂತೆ ಅದನ್ನು ಬಂಡವಾಳದ ಲೆಕ್ಕದಿಂದ ಇಳಿಸುತ್ತಾ ಹೋಗುತ್ತಾರೆ, ಹಾಗಾಗಿಯೇ ಹತ್ತು ವರ್ಷದ ಬಾಂಡ್‌ಗೆ ಐದನೆಯ ವರ್ಷದಲ್ಲಿ ಕಾಲ್ ಇಡುವುದು ವಾಡಿಕೆ: ಆಮೇಲೆ ಆ ಹಣ ಬ್ಯಾಂಕಿಗೆ ಬಡ್ಡಿಯ ಹೊರೆಯೇ ಹೊರತು ಪೂರ್ತಿ ಬಂಡವಾಳವಲ್ಲ. ಆದರೂ ಬ್ಯಾಂಕು ನಿಲ್ಲಲಾರದ ಹಂತಕ್ಕೆ ಬಂದರೆ ಟಿಯರ್-2 ಕೂಡ ಉಳಿಯುವುದಿಲ್ಲ. 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿಬಿಎಸ್ ಜೊತೆ ಸೇರಿಸಿದಾಗ 318.20 ಕೋಟಿ ರೂಪಾಯಿಯ ಟಿಯರ್-2 ಬಾಂಡ್‌ಗಳನ್ನು ಬರೆದುಹಾಕಿದರು, ಅಲ್ಲಿ ಷೇರುದಾರರೂ ಪೂರ್ತಿ ಹೋದರು.

ನಿಮ್ಮ ವಿಷಯದಲ್ಲಿ ನನ್ನನ್ನು ಕಾಡುವುದು ಪ್ರಮಾಣ. ಇಂಥ ಬಾಂಡ್‌ಗಳಲ್ಲಿ ಮ್ಯೂಚುಯಲ್ ಫಂಡ್‌ನ ಒಂದು ಯೋಜನೆ ತನ್ನ ಹಣದ ಶೇ 10ಕ್ಕಿಂತ ಹೆಚ್ಚು, ಒಂದೇ ಸಂಸ್ಥೆಯದರಲ್ಲಿ ಶೇ 5ಕ್ಕಿಂತ ಹೆಚ್ಚು ಹಾಕಬಾರದೆಂದು ಬಂಡವಾಳ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಮಾರ್ಚ್‌ನಲ್ಲಿ ಕಟ್ಟು ಹಾಕಿದೆ, ಅಲ್ಲಿ ದಿನವಿಡೀ ಇದನ್ನೇ ಓದುವವರು ಕೂತಿರುತ್ತಾರೆ. ನೀವು ಹಾಕಲು ಹೊರಟಿರುವುದು ಶೇ 89. ಅದು ನಿಮ್ಮ ತಪ್ಪೂ ಅಲ್ಲ. 2020ರ ಅಕ್ಟೋಬರ್‌ನಿಂದ ಎಟಿ-1 ಬಾಂಡನ್ನು ಹೊಸದಾಗಿ ಹೊರಡಿಸುವಾಗ ಅರ್ಹ ಸಾಂಸ್ಥಿಕ ಹೂಡಿಕೆದಾರರಿಗೆ (ಮ್ಯೂಚುಯಲ್ ಫಂಡ್, ವಿಮಾ ಕಂಪನಿಯಂಥವರಿಗೆ) ಮಾತ್ರ ಕೊಡಬೇಕು, ಹಂಚಿಕೆಯೂ ವಹಿವಾಟೂ 1 ಕೋಟಿಗೆ ಕಡಿಮೆ ಇರಬಾರದು ಎಂಬ ನಿಯಮವಿದೆ. ಸಾಮಾನ್ಯರು ಇದರ ಹತ್ತಿರ ಬರಬಾರದೆಂದು ಎತ್ತರಿಸಿದ ಗೋಡೆ ಅದು. ನಿಮ್ಮ ಬಳಿ ಸರಿಯಾಗಿ 1 ಕೋಟಿ ಕಂಡದ್ದರಿಂದ ಯಾರೋ ಏಣಿ ತಂದು ಗೋಡೆಗೆ ಆನಿಸಿದ್ದಾರೆ.

ಕನ್ನಡಿಗ, ಜ್ಯೂರಿಕ್

ಪಂಕ್ತಿಯ ಹೋಲಿಕೆ ಓದಿ ನಕ್ಕೆ, ಏಕೆಂದರೆ ನಮ್ಮಲ್ಲಿ ಅದು ತಲೆಕೆಳಗಾಯಿತು. 2023ರ ಮಾರ್ಚ್ 19ರ ಭಾನುವಾರ ಇಲ್ಲಿನ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಇನ್ನೊಂದು ಬ್ಯಾಂಕಾದ ಯುಬಿಎಸ್ ಕೊಳ್ಳುವುದೆಂದು ಘೋಷಿಸಿದಾಗ, ಷೇರುದಾರರಿಗೆ 300 ಕೋಟಿ ಫ್ರಾಂಕ್ ಬೆಲೆಯ ಯುಬಿಎಸ್ ಷೇರು ಸಿಕ್ಕಿತು, ಸುಮಾರು 1,600 ಕೋಟಿ ಫ್ರಾಂಕ್‌ಗಳ ಎಟಿ-1 ಬಾಂಡ್ ಸೊನ್ನೆಯಾಯಿತು. ಅಂದರೆ ಕಡೆಗೆ ಉಣ್ಣಬೇಕಾದ ಮನೆಯವರಿಗೆ ಒಂದು ತುತ್ತು ಸಿಕ್ಕಿ, ಅವರಿಗಿಂತ ಮುಂಚೆ ಕೂತವರ ಎಲೆ ಖಾಲಿ. ಬಾಂಡ್‌ದಾರರು ಕೋರ್ಟಿಗೆ ಹೋದರು, 2025ರ ಅಕ್ಟೋಬರ್‌ನಲ್ಲಿ ಫೆಡರಲ್ ಆಡಳಿತ ನ್ಯಾಯಾಲಯ ಬಾಂಡನ್ನು ಸೊನ್ನೆ ಮಾಡಿದ ಆದೇಶಕ್ಕೆ ಕಾನೂನಿನ ಆಧಾರವಿಲ್ಲವೆಂದು ಹೇಳಿತು, ಆದರೆ ತೀರ್ಪು ಬಂದ ಕೂಡಲೇ ಹಣ ಬರುವುದಿಲ್ಲ. ಕ್ರೆಡಿಟ್ ಸ್ವಿಸ್ 167 ವರ್ಷ ಹಳೆಯ ಬ್ಯಾಂಕಾಗಿತ್ತು. "ಇಷ್ಟು ದೊಡ್ಡದು" ಎಂಬ ಮಾತನ್ನು ನಾವೂ ಇಲ್ಲಿ ಬಹಳ ಕೇಳಿದ್ದೆವು.

ಪ್ರಶ್ನೆ ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಒಂದು ಅನುಮಾನ ಉಳಿದಿದೆ. ನಮ್ಮ ಭಾವನವರು ಸ್ಟೇಟ್ ಬ್ಯಾಂಕಿನ ಬಾಂಡನ್ನು ವರ್ಷಗಟ್ಟಲೆ ಇಟ್ಟುಕೊಂಡು ಒಳ್ಳೆಯ ಬಡ್ಡಿ ಪಡೆದರು. ಅದೂ ಅಧೀನ ಸಾಲವೇ ಎಂದು ಅವರು ಹೇಳುತ್ತಾರೆ. ಹಾಗಾದರೆ ದೊಡ್ಡ ಬ್ಯಾಂಕಾದರೆ ಧೈರ್ಯ ಮಾಡಬಹುದಲ್ಲವೇ? ಎಸ್ ಬ್ಯಾಂಕಿನ ವಿಷಯದಲ್ಲೂ ಮುಂಬೈ ಹೈಕೋರ್ಟ್ ಬಾಂಡ್‌ದಾರರ ಪರವಾಗಿ ಹೇಳಿತೆಂದು ಎಲ್ಲೋ ಓದಿದ ನೆನಪು.

ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ನಿಮ್ಮ ಭಾವನವರದು ಬಹುಶಃ 2010 ಅಥವಾ 2011ರ ಸಾರ್ವಜನಿಕ ವಿತರಣೆಯದು. 2011ರ ಫೆಬ್ರವರಿಯಲ್ಲಿ ಬಂದ ಹದಿನೈದು ವರ್ಷದ ಬಾಂಡ್‌ಗೆ ಚಿಲ್ಲರೆ ಹೂಡಿಕೆದಾರರಿಗೆ ಶೇ 9.95 ಬಡ್ಡಿ ಇತ್ತು, ಮುಖಬೆಲೆ 10 ಸಾವಿರ ರೂಪಾಯಿ. ನನ್ನ ಬಳಿಯೂ ಇಪ್ಪತ್ತೈದು ಇದ್ದವು. ಅದು ಟಿಯರ್-2, ಅದೂ 2013ರಲ್ಲಿ ಬಾಸೆಲ್-3 ಎಂಬ, ಬ್ಯಾಂಕುಗಳ ಬಂಡವಾಳದ ಅಂತರರಾಷ್ಟ್ರೀಯ ನಿಯಮ ಬರುವುದಕ್ಕೆ ಮುಂಚಿನದು. ಅಸಲನ್ನು ಬರೆದುಹಾಕುವ ಷರತ್ತು ಆಗ ಇರಲಿಲ್ಲ. ಹೆಸರು ಒಂದೇ ಆದರೂ ಇಂದಿನ ಎಟಿ-1 ಅದರ ತಮ್ಮನೂ ಅಲ್ಲ. ಆ ಒಳ್ಳೆಯ ಬಾಂಡ್‌ನಲ್ಲೂ ಕಾಲ್ ಯಾರ ಕೈಯಲ್ಲಿದೆ ಎಂಬುದು ತಿಳಿಯಿತು: ಹತ್ತು ವರ್ಷ ತುಂಬಿದ 2021ರ ಮಾರ್ಚ್‌ನಲ್ಲಿ ಬ್ಯಾಂಕು ಅಸಲು ಮರಳಿಸಿಬಿಟ್ಟಿತು, ಆಗ ಅದೇ ಬ್ಯಾಂಕಿನ ದೀರ್ಘಾವಧಿ ಎಫ್‌ಡಿ ದರ ಶೇ 5.4. ನಮಗೆ ಬೇಕಾದಾಗ ಬರುವುದಿಲ್ಲ, ಬೇಡವಾದಾಗ ಬರುತ್ತದೆ.

ಸ್ಟೇಟ್ ಬ್ಯಾಂಕ್, ಐಸಿಐಸಿಐ, ಎಚ್‌ಡಿಎಫ್‌ಸಿ ಈ ಮೂರನ್ನು ದೇಶದ ವ್ಯವಸ್ಥೆಗೆ ಅತಿಮುಖ್ಯವಾದ ಬ್ಯಾಂಕುಗಳೆಂದು ರಿಸರ್ವ್ ಬ್ಯಾಂಕ್ ಗುರುತಿಸಿರುವುದು ನಿಜ, ಅವು ಹೆಚ್ಚು ಬಂಡವಾಳ ಇಡಬೇಕೆಂಬುದೂ ನಿಜ. ಇವುಗಳ ಎಟಿ-1ಗೆ ಅಪಾಯ ಬಹಳ ಕಡಿಮೆ ಎಂದು ನನ್ನ ಅಭಿಪ್ರಾಯವೂ ಇದೆ. ಆದರೆ ಆ ಪಟ್ಟಿ ಬಾಂಡ್‌ಗೆ ಕೊಟ್ಟ ಖಾತರಿಯಲ್ಲ. ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ, ಬಾಂಡ್‌ಗೆ ಅದೂ ಇಲ್ಲ.

ಹೈಕೋರ್ಟಿನ ವಿಷಯವಾಗಿ ನಿಮ್ಮ ನೆನಪು ಸರಿ. ಎಟಿ-1 ಬರೆದುಹಾಕುವ ಮಾತು ಎಸ್ ಬ್ಯಾಂಕ್ ಪುನರ್ರಚನೆಯ ಕರಡು ಯೋಜನೆಯಲ್ಲಿದ್ದು ಅಂತಿಮ ಯೋಜನೆಯಲ್ಲಿ ಇರಲಿಲ್ಲ, ಹಾಗಾಗಿ ರಿಸರ್ವ್ ಬ್ಯಾಂಕ್ ಅಲ್ಲಿಗೆ ನೇಮಿಸಿದ್ದ ಆಡಳಿತಾಧಿಕಾರಿಗೆ ಆ ಅಧಿಕಾರವಿರಲಿಲ್ಲ ಎಂದು 2023ರ ಜನವರಿ 20ರಂದು ಮುಂಬೈ ಹೈಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಅಲ್ಲಿ ತಡೆ ಸಿಕ್ಕಿತು. ಇದಕ್ಕಿಂತ ಹೆಚ್ಚು ಓದಬೇಕಾದದ್ದು ಸೆಬಿಯ 2021ರ ಏಪ್ರಿಲ್‌ನ ಆದೇಶ. ಆ ಬಾಂಡ್‌ಗಳನ್ನು ಹಿಡಿದಿದ್ದ 1,346 ವ್ಯಕ್ತಿಗಳಲ್ಲಿ 1,311 ಮಂದಿ ಅದೇ ಬ್ಯಾಂಕಿನ ಗ್ರಾಹಕರು. 277 ಮಂದಿ ಎಫ್‌ಡಿ ಅವಧಿಗೆ ಮುಂಚೆ ಮುರಿಸಿ ಹಾಕಿದ್ದರು. "ಸೂಪರ್ ಎಫ್‌ಡಿ" ಎಂದು ಹೇಳಿ ಮಾರಿದ್ದಕ್ಕೆ ಎಸ್ ಬ್ಯಾಂಕಿಗೆ 25 ಕೋಟಿ ದಂಡ ವಿಧಿಸಲಾಗಿತ್ತು. ಹುಬ್ಬಳ್ಳಿಯ ಸೋದರಿಯ ಅಪ್ಪನ ಕಥೆಗೂ ಇದಕ್ಕೂ ಬ್ಯಾಂಕು ಬೇರೆ, ಮಾತು ಅದೇ.

ನಾನಾಗಿದ್ದರೆ ನಿಮ್ಮ ಮತ್ತು ಶ್ರೀಮತಿಯವರ ಹೆಸರಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 30 ಲಕ್ಷದ ಮಿತಿಯನ್ನು ಮೊದಲು ತುಂಬಿಸಿ (ಅವರಿಗೂ 60 ದಾಟಿದ್ದರೆ), ಉಳಿದದ್ದನ್ನು ಎರಡು ಮೂರು ಬ್ಯಾಂಕುಗಳ ಎಫ್‌ಡಿಗೂ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಜಾಲತಾಣದ ಮೂಲಕ ಸರ್ಕಾರಿ ಬಾಂಡಿಗೂ ಹಂಚುತ್ತಿದ್ದೆ. ಮ್ಯಾನೇಜರ್‌ಗೆ ಮಾತ್ರ ಮೂರು ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕೇಳಿ: ಐದನೆಯ ವರ್ಷ ಅಸಲು ಮರಳಿಸುವುದು ಕಡ್ಡಾಯವೇ, ಬಡ್ಡಿ ನಿಲ್ಲಿಸಲು ಬ್ಯಾಂಕಿಗೆ ಹಕ್ಕಿದೆಯೇ, ಅಸಲು ಸೊನ್ನೆಯಾಗುವ ಸಂದರ್ಭ ಯಾವುದು.

ಪ್ರಶ್ನೆ ಕೇಳಿದವರು, ಶಿವಮೊಗ್ಗ

ನಾಲ್ಕು ದಿನದ ಹಿಂದೆ ಆ ಮೂರೂ ಪ್ರಶ್ನೆಗಳನ್ನು ಇಮೇಲ್ ಮಾಡಿದೆ. ಇಮೇಲ್‌ಗೆ ಉತ್ತರ ಬಂದಿಲ್ಲ. ಫೋನ್ ಎರಡು ಸಲ ಬಂತು, ಎರಡು ಸಲವೂ "ಸರ್, ಅದೆಲ್ಲ ಬರೀ ಫಾರ್ಮಾಲಿಟಿ" ಎಂದರು. ಉಳಿತಾಯ ಯೋಜನೆಯ ಫಾರ್ಮ್ ತರಲು ನಾಳೆ ಅಂಚೆ ಕಚೇರಿಗೆ ಹೋಗುತ್ತಿದ್ದೇನೆ.