ಬಿಸಿಯೂಟದ ಅಕ್ಕಂದಿರಿಗೆ ತಿಂಗಳಿಗೆ 4,600: ಸಾಕಾ, ಸಾಲದಾ?

ಗದಗ_ಮಾಸ್ತರ: ನಿವೃತ್ತನಾಗಿ ಮೂರು ವರ್ಷ ಆಯ್ತು. ಮೊನ್ನೆ ನನ್ನ ಹಳೇ ಶಾಲೆಗೆ ಹೋಗಿದ್ದೆ. ಅದೇ ಅಡುಗೆಕೋಣೆ, ಅದೇ ಮೂವರು ಅಕ್ಕಂದಿರು, 120 ಮಕ್ಕಳು. ಮುಖ್ಯ ಅಡುಗೆಯವರಿಗೆ ತಿಂಗಳಿಗೆ 4,700. ಉಳಿದ ಇಬ್ಬರಿಗೆ 4,600. ಇದರಲ್ಲಿ ಕೇಂದ್ರದ ಪಾಲು ಬರೀ 600. 2009ರ ಡಿಸೆಂಬರ್‌ನಿಂದ ತಿಂಗಳಿಗೆ 1,000 ಅಂತ ಗೊತ್ತು ಮಾಡಿದರು, ಕೇಂದ್ರ 600, ರಾಜ್ಯ 400. ಆ ಸಾವಿರ ಇವತ್ತಿಗೂ ಸಾವಿರವೇ. ಮೇಲಿನದ್ದೆಲ್ಲ ರಾಜ್ಯ ಸೇರಿಸಿದ್ದು. 2022ರ ಬಜೆಟ್‌ನಲ್ಲಿ ಒಂದು ಸಾವಿರ, 2025ರದ್ದರಲ್ಲಿ ಇನ್ನೊಂದು. ಅದೂ ಕೇಂದ್ರದ ಲೆಕ್ಕದಲ್ಲಿ ವರ್ಷಕ್ಕೆ 10 ತಿಂಗಳು ಮಾತ್ರ. ಕೆಲಸ ಮಾತ್ರ ಬೆಳೆಯುತ್ತಲೇ ಇದೆ. 2013ರಲ್ಲಿ ಹಾಲು ಬಂತು. 2024ರಲ್ಲಿ ರಾಗಿ ಮಾಲ್ಟ್ ಬಂತು, ಅದೇ ವರ್ಷ ಮೊಟ್ಟೆ ವಾರಕ್ಕೆ ಆರು ದಿನ ಆಯ್ತು. ಮೊಟ್ಟೆ ಸುಲಿಯೋಕೆ ಒಂದಕ್ಕೆ 30 ಪೈಸೆ. ಇಷ್ಟಾದರೂ ಇವರು ನೌಕರರಲ್ಲ, ಇವರಿಗೆ ಕೊಡೋದು ಪಗಾರ ಅಲ್ಲ, 'ಗೌರವಧನ'. ಗೌರವ, ಧನ, ಈ ಎರಡರಲ್ಲಿ ಯಾವುದು ಇವರಿಗೆ ಸಿಗುತ್ತಿದೆ ಅಂತ ನೀವೇ ಹೇಳಿ.

ಉಣಕಲ್_ಕೆರೆ: 'ನಿವೃತ್ತನಾಗಿ ಮೂರು ವರ್ಷ' ಅಂದಿರಿ. ಸರ್ವೀಸ್‌ನಲ್ಲಿ ಇದ್ದಾಗ ಈ ಕಾಳಜಿ ಎಲ್ಲಿ ಹೋಗಿತ್ತು ಸರ? ಆಗ ಅವರ ಕೈಯಲ್ಲಿ ಚಹಾ ಮಾಡಿಸಿಕೊಂಡು ಕುಡಿದಿರಿ, ಅಲ್ವಾ? ಇರಲಿ. ಇದು ಅರ್ಧ ದಿನದ ಕೆಲಸ. ಸ್ವಂತ ಊರಲ್ಲಿ, ಮನೆ ಪಕ್ಕದ ಶಾಲೆಯಲ್ಲಿ, ಬಸ್ ಚಾರ್ಜ್ ಇಲ್ಲ, ಮಧ್ಯಾಹ್ನದ ಊಟವೂ ಅಲ್ಲೇ. ಮೇಲೆ ಗೃಹಲಕ್ಷ್ಮಿಯ 2,000 ಬೇರೆ.

ಬ್ಯಾಡಗಿ_ಖಾರ: ಗೃಹಲಕ್ಷ್ಮಿ ನಿಮ್ಮ ಮನೆಗೂ ಬರುತ್ತಿರಬೇಕಲ್ರೀ. ಹಾಗಂತ ನಿಮ್ಮ ಪಗಾರದಲ್ಲಿ 2,000 ಮುರಿದುಕೊಳ್ಳಿ ಅಂತ ನಿಮ್ಮ ಸಾಹೇಬರಿಗೆ ಹೇಳೋಣ್ವಾ?

ಉಣಕಲ್_ಕೆರೆ: ನನ್ನ ಮನೆ ವಿಷಯ ಇಲ್ಲಿ ಯಾಕೆ? ವಾದ ಇದ್ದರೆ ಹೇಳಿ, ಇಲ್ಲಾಂದ್ರೆ ಮೆಣಸಿನಕಾಯಿ ಒಣಗಿಸಿ ಹೋಗಿ.

ಲೆಕ್ಕ_ಪಕ್ಕಾ: 'ಅರ್ಧ ದಿನ' ಅನ್ನೋದೇ ಮುಖ್ಯ. ಭಾವನೆ ಬಿಟ್ಟು ಲೆಕ್ಕ ಮಾಡೋಣ. 4,600 ಭಾಗಿಸು 26 ದಿನ, ಅಂದರೆ ದಿನಕ್ಕೆ 177 ರೂಪಾಯಿ. ನಾಲ್ಕು ಗಂಟೆ ಕೆಲಸ ಅಂದುಕೊಂಡರೆ ಗಂಟೆಗೆ 44. ನರೇಗಾ ಕೂಲಿ 2025-26ಕ್ಕೆ ನಮ್ಮ ರಾಜ್ಯದಲ್ಲಿ 370. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46. ಎರಡು ರೂಪಾಯಿ ವ್ಯತ್ಯಾಸಕ್ಕೆ ಇಷ್ಟು ಗದ್ದಲ.

ಕಲಘಟಗಿ_ಮಗಳು: 'ನಾಲ್ಕು ಗಂಟೆ ಅಂದುಕೊಂಡರೆ'. ನೀವು ಅಂದುಕೊಂಡರೆ ಆಯ್ತಾ? ನಮ್ಮ ಅವ್ವ 17 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾಳೆ. ಬೆಳಿಗ್ಗೆ ಎಂಟೂವರೆಗೆ ಹೋಗುತ್ತಾಳೆ. ಮೊದಲು ಹಾಲಿನ ಪುಡಿ ಕಲಸಿ ಕಾಸಬೇಕು. ಮಾಲ್ಟ್ ಇದ್ದ ದಿನ ಗಂಟು ಆಗದ ಹಾಗೆ ತಿರುವುತ್ತಾ ನಿಲ್ಲಬೇಕು. ಆಮೇಲೆ ಅಕ್ಕಿ ಆರಿಸೋದು, ಕಾಯಿಪಲ್ಲೆ ಹೆಚ್ಚೋದು. ಊಟ ಬಡಿಸಿ, ದೊಡ್ಡ ಪಾತ್ರೆ ತಿಕ್ಕಿ, ಕಟ್ಟೆ ತೊಳೆದು ಮನೆಗೆ ಬರೋದು ಮೂರು ಗಂಟೆಗೆ. ಆರೂವರೆ ಗಂಟೆ ಆಯ್ತು. ಈಗ 177 ಅನ್ನು ಆರೂವರೆಯಿಂದ ಭಾಗಿಸಿ. 27 ರೂಪಾಯಿ ಬರುತ್ತೆ. ನನಗೂ ಲೆಕ್ಕ ಬರುತ್ತೆ ಅಣ್ಣಾರೇ. ಅದನ್ನು ಕಲಿತದ್ದು ಅದೇ ಶಾಲೆಯಲ್ಲಿ, ಅವ್ವನ ಕೈಯ ಅನ್ನ ಉಂಡು.

ಲೆಕ್ಕ_ಪಕ್ಕಾ: ಮೊಟ್ಟೆ ಸುಲಿದದ್ದಕ್ಕೆ ಬೇರೆ ದುಡ್ಡು ಬರುತ್ತಲ್ಲ, ಅದನ್ನು ಯಾಕೆ ಸೇರಿಸಲಿಲ್ಲ? ಒಂದು ಮೊಟ್ಟೆ ಸುಲಿಯೋಕೆ 20 ಸೆಕೆಂಡ್. ಗಂಟೆಗೆ 180 ಮೊಟ್ಟೆ. 30 ಪೈಸೆ ಲೆಕ್ಕದಲ್ಲಿ ಗಂಟೆಗೆ 54 ರೂಪಾಯಿ. ಎಂಟು ಗಂಟೆಗೆ 432. ನರೇಗಾಗಿಂತ ಜಾಸ್ತಿ!

ಬ್ಯಾಡಗಿ_ಖಾರ: ದಿನಕ್ಕೆ ಎಂಟು ಗಂಟೆ ಮೊಟ್ಟೆ ಸುಲಿಯೋ ಶಾಲೆ ಯಾವುದು ಸ್ವಾಮಿ? ಅಲ್ಲಿ ಮಕ್ಕಳು ಓದುತ್ತಾರೋ, ಕೋಳಿಗಳು ಓದುತ್ತವೋ?

ಗದಗ_ಮಾಸ್ತರ: ನಾನು ಹೇಳಿದ ಶಾಲೆಯನ್ನೇ ತಗೊಳ್ಳಿ. 120ರಲ್ಲಿ ಮೊಟ್ಟೆ ತಿನ್ನುವವರು ಸುಮಾರು 100. ಉಳಿದವರಿಗೆ ಬಾಳೆಹಣ್ಣು. 100 ಮೊಟ್ಟೆಗೆ 30 ರೂಪಾಯಿ. ಮೂವರಲ್ಲಿ ಹಂಚಿದರೆ ಒಬ್ಬರಿಗೆ 10 ರೂಪಾಯಿ. ಅದನ್ನು ಗಂಟೆಗೆ 54 ಅಂತ ಬರೆಯೋದು ಲೆಕ್ಕ ಅಲ್ಲ, ಕಣ್ಕಟ್ಟು. ಮೂಲ ಪ್ರಶ್ನೆ ಪಗಾರದ್ದು, ಅದಕ್ಕೆ ವಾಪಸ್ ಬನ್ನಿ.

ಲೆಕ್ಕ_ಪಕ್ಕಾ: 'ಸುಮಾರು 100' ಅಂದರೆ? 100ಕ್ಕಿಂತ ಜಾಸ್ತಿಯೋ ಕಡಿಮೆಯೋ? ಸುಮಾರು ಅನ್ನೋ ಪದ ಇಟ್ಟುಕೊಂಡು ನನಗೆ ಕಣ್ಕಟ್ಟು ಅನ್ನಬೇಡಿ.

ಉಣಕಲ್_ಕೆರೆ: ಮಕ್ಕಳೇ ಸುಲಿದುಕೊಂಡು ತಿನ್ನಲಿ ಬಿಡಿ. ನಾವು ಸಣ್ಣವರಿದ್ದಾಗ ಯಾರು ಸುಲಿದು ಕೊಟ್ಟರು? 30 ಪೈಸೆಯೂ ಉಳಿಯುತ್ತೆ, ಜಗಳವೂ ಮುಗಿಯುತ್ತೆ.

ನರಗುಂದ_ಹೊಲ: ಒಂದನೇ ತರಗತಿ ಕೂಸಿಗೆ ಬಿಸಿ ಮೊಟ್ಟೆ ಕೊಟ್ಟು ಸುಲಿ ಅನ್ನಿ. ಅರ್ಧ ಸಿಪ್ಪೆ ಅನ್ನದಲ್ಲಿ, ಅರ್ಧ ಮೊಟ್ಟೆ ನೆಲದ ಮೇಲೆ. ನೆಲ ಒರೆಸೋದು ಮತ್ತೆ ಅದೇ ಅಕ್ಕ.

ಕಲಘಟಗಿ_ಮಗಳು: 20 ಸೆಕೆಂಡ್ ಅಂತ ಬರೆದವರು ಒಮ್ಮೆಯಾದರೂ 50 ಮೊಟ್ಟೆ ಕೂತು ಸುಲಿದಿದ್ದೀರಾ? ಮೊಟ್ಟೆ ತಾಜಾ ಇದ್ದಷ್ಟೂ ಸಿಪ್ಪೆಗೆ ಅಂಟಿಕೊಳ್ಳುತ್ತೆ. ಬಿಳಿ ಭಾಗ ಕಿತ್ತುಕೊಂಡು ಬಂದರೆ ಮಕ್ಕಳು 'ನನಗೆ ಹರಿದ ಮೊಟ್ಟೆ ಬೇಡ' ಅಂತಾರೆ. ಉಗುರಿನ ಸಂದಿ ಸುಡುತ್ತೆ.

ಲೆಕ್ಕ_ಪಕ್ಕಾ: ಮನೆಯಲ್ಲಿ ಈಗಷ್ಟೇ ನೋಡಿದೆ. 17 ಸೆಕೆಂಡ್.

ಬ್ಯಾಡಗಿ_ಖಾರ: ಒಂದು ಮೊಟ್ಟೆಗೋ?

ಲೆಕ್ಕ_ಪಕ್ಕಾ: ಮೂರು ಮೊಟ್ಟೆಯ ಸರಾಸರಿ.

ಬ್ಯಾಡಗಿ_ಖಾರ: ಸುಲಿದವರು ನೀವೋ, ನಿಮ್ಮ ಮನೆಯವರೋ? ಅವರಿಗೆ 90 ಪೈಸೆ ಕೊಟ್ಟಿರಾ?

ಲೆಕ್ಕ_ಪಕ್ಕಾ: ಇಂಥ ಮಾತಿಗೆ ಉತ್ತರ ಕೊಡೋದಿಲ್ಲ. ಅಂಕಿಗೆ ಅಂಕಿಯಲ್ಲಿ ಉತ್ತರ ಕೊಡುವ ಶಕ್ತಿ ಇಲ್ಲದವರು ಮನೆಯವರನ್ನು ಎಳೆಯುತ್ತಾರೆ. ನಾಚಿಕೆ ಇರಬೇಕು.

ಧಾರವಾಡ_ಪೇಢಾ: ಮೊಟ್ಟೆ ಬದಿಗಿಡಿ ಮಾರಾಯರೇ. ಕಾನೂನಿನ ಮಾತು ಹೇಳುತ್ತೇನೆ. ಉತ್ತರ ಪ್ರದೇಶದ ಶಾಲೆಯೊಂದರ ಅಡುಗೆಯವರು ತಿಂಗಳಿಗೆ 1,000 ರೂಪಾಯಿಗೆ ದುಡಿಯುತ್ತಿದ್ದರು. ಅವರು ಕೋರ್ಟಿಗೆ ಹೋದರು. 2020ರ ಡಿಸೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಇದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಿಟ್ಟಿ ಚಾಕರಿಯೇ ಅನ್ನೋದು ಅದರ ತಿರುಳು. 2022ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ ತೀರ್ಪು ಕೊಟ್ಟಿತು. ಅಲ್ಲಿಯೂ ಸರ್ಕಾರದ ಕಡೆಯವರು 'ಇದು ಗೌರವಧನ, ಪಗಾರ ಅಲ್ಲ' ಅಂತಲೇ ವಾದ ಮಾಡಿದ್ದರು, ನಡೆಯಲಿಲ್ಲ. ಹೆಸರು ಬದಲಿಸಿದರೆ ಕೆಲಸ ಬದಲಾಗೋದಿಲ್ಲ.

ಉಣಕಲ್_ಕೆರೆ: ಒಂದು ಉತ್ತರ ಪ್ರದೇಶದ್ದು, ಇನ್ನೊಂದು ಅಂಗನವಾಡಿಯದ್ದು. ಕರ್ನಾಟಕದ ಬಿಸಿಯೂಟದ್ದು ಎಲ್ಲಿದೆ? ಅಲ್ಲಿ 1,000, ಇಲ್ಲಿ 4,600. ನಾಲ್ಕೂವರೆ ಪಟ್ಟು ಜಾಸ್ತಿ ಅಂತ ನೀವೇ ಒಪ್ಪಿಕೊಂಡಹಾಗೆ ಆಯ್ತು.

ಧಾರವಾಡ_ಪೇಢಾ: ನಾನು ಎಲ್ಲಿ ಒಪ್ಪಿಕೊಂಡೆ? ಕೇರಳ ನೋಡಿ. ಅಲ್ಲಿ ಶಾಲೆಯ ಅಡುಗೆಯವರಿಗೆ ದಿನಕ್ಕೆ 600 ರೂಪಾಯಿಗಿಂತ ಕಡಿಮೆ ಇಲ್ಲ. ಅದೇ ಯೋಜನೆ, ಅದೇ ಕೇಂದ್ರದ 600. ಕೇಂದ್ರ ತಿಂಗಳಿಗೆ ಕೊಡೋ ಪಾಲು ಎಷ್ಟೋ, ಅಲ್ಲಿ ದಿನದ ಕೂಲಿಯೇ ಅಷ್ಟು!

ಉಣಕಲ್_ಕೆರೆ: ಕೇರಳದಲ್ಲಿ ಆ ದುಡ್ಡು ತಿಂಗಳುಗಟ್ಟಲೆ ಬಾಕಿ ಬಿದ್ದು ಅಡುಗೆಯವರು ಬೀದಿಗೆ ಇಳಿದದ್ದನ್ನು ಯಾಕೆ ಹೇಳಲಿಲ್ಲ? ಅರ್ಧ ಸುದ್ದಿ ಓದೋ ರೋಗ.

ಧಾರವಾಡ_ಪೇಢಾ: ಬಾಕಿ ಬಿದ್ದದ್ದು ನಿಜ. ಆದರೆ ಬಾಕಿ ಅನ್ನೋದು ಕೊಡಬೇಕಾದದ್ದಕ್ಕೆ ಬೀಳುತ್ತೆ. ನಮ್ಮಲ್ಲಿ ಕೊಡಬೇಕು ಅಂತಲೇ ಇಲ್ಲ.

ನರಗುಂದ_ಹೊಲ: ನಾನು ರೈತ, ನನಗೆ ಕೋರ್ಟ್ ಗೊತ್ತಿಲ್ಲ. ನಮ್ಮ ಕಡೆ ಕಸ ತೆಗೆಯೋ ಕಾಲಕ್ಕೆ ಹೆಣ್ಣಾಳಿಗೆ 300 ಕೊಟ್ಟರೂ ಬರೋದಿಲ್ಲ. ಟಂಟಂ ಕಳಿಸಬೇಕು, ಚಹಾ ಕೊಡಬೇಕು. ಅಷ್ಟು ಸಿಗುವಾಗ ಇವರು 177ಕ್ಕೆ ಯಾಕೆ ಹೋಗುತ್ತಾರೆ? ಅಲ್ಲಿ ಏನೋ ಅನುಕೂಲ ಇದ್ದೇ ಇರಬೇಕು. ನೆರಳಿನ ಕೆಲಸ ಅಂತಲೋ ಏನೋ.

ಕಲಘಟಗಿ_ಮಗಳು: ನೆರಳಂತೆ! ತಗಡಿನ ಚಾವಣಿಯ ಕೆಳಗೆ, ಮಾರ್ಚ್ ತಿಂಗಳಲ್ಲಿ, ಎರಡು ಒಲೆ ಹೊತ್ತಿಸಿ ನಿಂತು ನೋಡಿ ಕಾಕಾ. ಯಾಕೆ ಹೋಗುತ್ತಾಳೆ ಅಂದಿರಲ್ಲ, ಹೇಳುತ್ತೇನೆ. ಹೊಲದ ಕೆಲಸ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ಕಡಿಮೆಯಾದರೂ ತಿಂಗಳಿಗೊಮ್ಮೆ ಬರುತ್ತೆ ಅಂತ ನಂಬಿಕೆ. ಒಂದಲ್ಲ ಒಂದು ದಿನ ಕಾಯಂ ಮಾಡುತ್ತಾರೆ ಅಂತ ಇನ್ನೊಂದು ಆಸೆ. ಆ ಆಸೆ ಇಟ್ಟುಕೊಂಡೇ ಇವರಿಗೆ 60 ಆಗಿಬಿಡುತ್ತೆ, ಮನೆಗೆ ಹೋಗು ಅಂತಾರೆ. ಅದಕ್ಕೂ ಮೊದಲು ಮಕ್ಕಳ ಸಂಖ್ಯೆ ಇಳಿದರೆ ಮುಗಿಯಿತು. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. 101 ಮಕ್ಕಳು ಇದ್ದದ್ದು 99 ಆದರೆ ಮೂರನೆಯವಳು ಹೊರಗೆ. ಹಿಂದೆ ಹಾಗೇ ಆಗಿ ಅವ್ವನ ಜೊತೆಗಾತಿ ಹೋದಳು. ಜೂನ್ ಬಂತೆಂದರೆ ನಮ್ಮವ್ವ ಮನೆಮನೆಗೆ ಹೋಗಿ 'ಕೂಸನ್ನು ನಮ್ಮ ಶಾಲೆಗೇ ಹಾಕ್ರೀ' ಅಂತ ಕೇಳುತ್ತಾಳೆ. ಕಾನ್ವೆಂಟಿನ ಹಳದಿ ಬಸ್ಸು ಊರಿಗೆ ಬಂದರೆ ಅವಳ ಮುಖ ನೋಡಬೇಕು.

ನರಗುಂದ_ಹೊಲ: ಸಂಖ್ಯೆಯ ಮಾತು ನನಗೆ ಗೊತ್ತಿರಲಿಲ್ಲ ತಂಗಿ. ಆದರೂ ಹೊಲಕ್ಕೆ ಆಳು ಸಿಗೋದಿಲ್ಲ ಅನ್ನೋದು ಸುಳ್ಳಲ್ಲ.

ಉಣಕಲ್_ಕೆರೆ: ಇದಕ್ಕೆಲ್ಲ ಒಂದೇ ದಾರಿ. ಹುಬ್ಬಳ್ಳಿ ಊರಿನ ಶಾಲೆಗಳಿಗೆ ರಾಯಾಪುರದ ಅಕ್ಷಯ ಪಾತ್ರ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬರುತ್ತೆ. ದೊಡ್ಡ ದೊಡ್ಡ ಕಡಾಯಿ, ಉಗಿಯಲ್ಲಿ ಬೇಯೋ ಅನ್ನ. ಎಲ್ಲ ಕಡೆ ಹಾಗೇ ಮಾಡಿಬಿಡಿ. ತಗಡಿನ ಚಾವಣಿಯೂ ಬೇಡ, ಗೌರವಧನವೂ ಬೇಡ.

ಗದಗ_ಮಾಸ್ತರ: ಮುಂಡರಗಿ ಕಡೆಯ ಹಳ್ಳಿಗೆ ಆ ವ್ಯಾನು ಎಷ್ಟು ಹೊತ್ತಿಗೆ ಮುಟ್ಟುತ್ತೆ? ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿ ನೋಡಿದ್ದೀರಾ? ಪಗಾರ ಜಾಸ್ತಿ ಮಾಡಿ ಅಂದರೆ ಕೆಲಸವನ್ನೇ ತೆಗೀರಿ ಅನ್ನುತ್ತೀರಲ್ಲ. ರಾಜ್ಯದಲ್ಲಿ ಲಕ್ಷಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಇದ್ದಾರೆ.

ಉಣಕಲ್_ಕೆರೆ: 'ಲಕ್ಷಕ್ಕಿಂತ ಜಾಸ್ತಿ'. ಅದನ್ನೇ ನಾನೂ ಹೇಳೋದು. ಒಬ್ಬೊಬ್ಬರಿಗೆ ಐದು ಸಾವಿರ ಏರಿಸಿದರೆ ತಿಂಗಳಿಗೆ 50 ಕೋಟಿ ದಾಟುತ್ತೆ. ಯಾರ ಜೇಬಿನಿಂದ?

ಧಾರವಾಡ_ಪೇಢಾ: ಈಗ ಯಾರ ಜೇಬಿನಿಂದ ಹೋಗುತ್ತಿದೆ ಅಂತ ಯೋಚಿಸಿ. ಆ 50 ಕೋಟಿಯನ್ನು ಆ ಹೆಂಗಸರೇ ಪ್ರತಿ ತಿಂಗಳು ಸರ್ಕಾರಕ್ಕೆ ದಾನ ಮಾಡುತ್ತಿದ್ದಾರೆ.

ಬ್ಯಾಡಗಿ_ಖಾರ: 2022ರಲ್ಲಿ ಏರಿಸಿದ್ದು ನಮ್ಮ ಶಿಗ್ಗಾಂವಿಯ ಬೊಮ್ಮಾಯಿಯವರು ಮುಖ್ಯಮಂತ್ರಿ ಇದ್ದಾಗ. ಅದನ್ನು ಯಾರೂ ಹೇಳೋದಿಲ್ಲ.

ಧಾರವಾಡ_ಪೇಢಾ: 2025ರಲ್ಲಿ ಸಿದ್ದರಾಮಯ್ಯನವರು ಏರಿಸಿದ್ದೂ ಅಷ್ಟೇ, ಒಂದು ಸಾವಿರ. ಸರಿಸಮ. ಆ 600 ಮಾತ್ರ ಯಾರು ಬಂದರೂ ಅಲ್ಲಾಡಲಿಲ್ಲ. 2021ರಲ್ಲಿ ಯೋಜನೆಗೆ ಪಿಎಂ ಪೋಷಣ್ ಅಂತ ಹೊಸ ಹೆಸರು ಬಂತು, ಅಷ್ಟೇ.

ಬ್ಯಾಡಗಿ_ಖಾರ: ಸಿಕ್ಕಿತು ನೋಡಿ ಅವಕಾಶ, ದೆಹಲಿಗೆ ಬಯ್ಯೋಕೆ!

ಅಡ್ಮಿನ್: ಪಕ್ಷದ ಮಾತು ಶುರುವಾದರೆ ಕಾಮೆಂಟ್ ಬಂದ್ ಮಾಡುತ್ತೇನೆ. ಮನೆಯವರನ್ನು ಎಳೆದ ಮಾತುಗಳನ್ನು ತೆಗೆಯಿರಿ.

ಲೆಕ್ಕ_ಪಕ್ಕಾ: ನನ್ನ 17 ಸೆಕೆಂಡ್ ಲೆಕ್ಕವನ್ನು ಯಾರೂ ತಪ್ಪು ಅಂತ ತೋರಿಸಲಿಲ್ಲ. ಮಾಸ್ತರು 'ಸುಮಾರು 100' ಅಂದದ್ದಕ್ಕೂ ಉತ್ತರ ಬರಲಿಲ್ಲ.

ಗದಗ_ಮಾಸ್ತರ: ಆಯ್ತಪ್ಪ, 104 ಅಂದುಕೊಳ್ಳಿ. 31 ರೂಪಾಯಿ 20 ಪೈಸೆ. ಮೂವರಿಗೆ ಹಂಚಿ. ಒಬ್ಬೊಬ್ಬರಿಗೆ 40 ಪೈಸೆ ಜಾಸ್ತಿ ಬಂತು. ಸಮಾಧಾನ ಆಯ್ತಾ?

ಲೆಕ್ಕ_ಪಕ್ಕಾ: ವ್ಯಂಗ್ಯ ಬೇಡ. ಇವತ್ತು ಮತ್ತೆ ನೋಡಿದೆ. ಮೊಟ್ಟೆ ಬೆಂದ ತಕ್ಷಣ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬಿಡುತ್ತೆ. 12 ಸೆಕೆಂಡ್ ಸಾಕು. ಸುಮ್ನೆ ಕಷ್ಟ ಕಷ್ಟ ಅನ್ನೋದಲ್ಲ, ವಿಧಾನ ಕಲಿಯಬೇಕು.

ಕಲಘಟಗಿ_ಮಗಳು: ನಮ್ಮ ಶಾಲೆಯ ನಲ್ಲಿಗೆ ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ. ಉಳಿದ ದಿನ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರಬೇಕು. ನಿಮ್ಮ ತಣ್ಣೀರಿನ ಕೊಡಕ್ಕೆ ಎಷ್ಟು ಪೈಸೆ, ಅದನ್ನೂ ಬರೆದುಬಿಡಿ.