ಪದಚರ್ಚೆ: ‘ನಿರ್ಬಂಧ’ ಅಂದರೆ ಯಾರು ಯಾರಿಗೆ ಹಾಕಿದ್ದು?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಸರಸ್ವತಿಪುರಂನಲ್ಲಿ ಸಂಜೆ ಹೊತ್ತು ಕೆಎಎಸ್ ಪರೀಕ್ಷೆಗೆ ಓದುವವರಿಗೆ ಪ್ರಚಲಿತ ವಿದ್ಯಮಾನ ಹೇಳಿಕೊಡುತ್ತೇನೆ. ಕಳೆದ ವಾರ ನಾನೇ ಬರೆಸಿದ ನೋಟ್ಸ್‌ನಲ್ಲಿ ನಾನೇ ಸಿಕ್ಕಿಬಿದ್ದೆ. ವಾಕ್ಯ ಇದು: “2021ರ ಮಾರ್ಚ್ ಹೊತ್ತಿಗೆ ಮ್ಯಾನ್ಮಾರ್ ಸೇನೆಯ ನಿರ್ಬಂಧ ಇನ್ನಷ್ಟು ಬಿಗಿಯಾಯಿತು.” ಪಾಂಡವಪುರ ಕಡೆಯ ಹುಡುಗನೊಬ್ಬ ಬರೆಯುವುದನ್ನು ನಿಲ್ಲಿಸಿ ಕೇಳಿದ, “ಸಾರ್, ಸೇನೆ ಹಾಕಿದ್ದಾ, ಸೇನೆಗೆ ಹಾಕಿದ್ದಾ?”

ನಾನು ಹೇಳಹೊರಟಿದ್ದು ಎರಡನೆಯದು. ಆದರೆ ಅವನ ಅನುಮಾನದಲ್ಲಿ ತಪ್ಪೇನಿಲ್ಲ. 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂಕಿಯನ್ನು ಹಿಡಿದಿಟ್ಟಿತು, ಫೇಸ್‌ಬುಕ್ ಬಂದ್ ಮಾಡಿತು, ಯಾಂಗೂನ್, ಮಂಡಲೆ ನಗರಗಳಲ್ಲಿ 5ಕ್ಕಿಂತ ಹೆಚ್ಚು ಜನ ಸೇರಬಾರದು ಅಂದಿತು. ಇದೆಲ್ಲ ನಿರ್ಬಂಧವೇ. ಇದಕ್ಕೆ ಹೊರಗಿನವರ ಉತ್ತರ ಏನು? ಅಮೆರಿಕ ತನ್ನಲ್ಲಿದ್ದ ಮ್ಯಾನ್ಮಾರ್ ಸರ್ಕಾರದ ಸುಮಾರು 100 ಕೋಟಿ ಡಾಲರ್ ಸೇನಾಧಿಕಾರಿಗಳ ಕೈಗೆ ಸಿಗದ ಹಾಗೆ ಮಾಡಿತು. ಮಾರ್ಚ್ 22ರಂದು ಐರೋಪ್ಯ ಒಕ್ಕೂಟ 11 ಮಂದಿಯ ಹೆಸರು ಪಟ್ಟಿ ಮಾಡಿ, ಅವರಿಗೆ ವೀಸಾ ಇಲ್ಲ, ಅವರ ಹಣ ಅಲುಗಾಡುವ ಹಾಗಿಲ್ಲ ಅಂದಿತು. ಇದೂ ನಿರ್ಬಂಧವೇ! ಹೊಡೆದವನಿಗೂ, ಹೊಡೆಯಬೇಡ ಅಂತ ಕೈ ಹಿಡಿದವನಿಗೂ ಒಂದೇ ಕ್ರಿಯಾಪದ ಇಟ್ಟ ಹಾಗಾಯಿತು.

“ಸೇನೆಯ ಮೇಲೆ” ಅಂತ ಬರೆದರೆ ಸಾಕಲ್ವಾ ಅನ್ನಬಹುದು. ಪೂರ್ತಿ ವಾಕ್ಯದಲ್ಲಿ ಸಾಕು. ತಲೆಬರಹದಲ್ಲಿ, ಪ್ರಶ್ನೆಪತ್ರಿಕೆಯಲ್ಲಿ ನಾವು ಮೊದಲು ಕತ್ತರಿಸುವುದೇ ವಿಭಕ್ತಿಯನ್ನು. ಸಾಲದ್ದಕ್ಕೆ ‘ನಿರ್’ ಬೇರೆ ಇದೆ. ನಿರ್ಭಯ ಅಂದರೆ ಭಯ ಇಲ್ಲದ್ದು, ನಿರ್ಬಂಧ ಅಂದರೆ ಬಂಧ ಇಲ್ಲದ್ದು ಅಂತ ಒಬ್ಬಳು ನಿಜವಾಗಿಯೂ ಅಂದುಕೊಂಡಿದ್ದಳಂತೆ. ಅವಳ ತರ್ಕ ನನಗೆ ಇಷ್ಟವಾಯಿತು.

ಹಾಗಾದರೆ ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳೋಣ ಅಂತ ಬೋರ್ಡಿನ ಮೇಲೆ ‘ಸ್ಯಾಂಕ್ಷನ್’ ಎಂದು ಬರೆದೆ. ಕ್ಲಾಸೆಲ್ಲ ನಕ್ಕಿತು. ಅದೇ ಪಾಂಡವಪುರದವನು, “ಸಾರ್, ನಮ್ಮಪ್ಪನಿಗೆ ಸೊಸೈಟಿಯಲ್ಲಿ ಬೆಳೆಸಾಲ ಸ್ಯಾಂಕ್ಷನ್ ಆಗಿದ್ದಕ್ಕೆ ಮನೆಯಲ್ಲಿ ಒಬ್ಬಟ್ಟು ಮಾಡಿದ್ರು. ಆ ಜನರಲ್‌ಗಳಿಗೆ ಎಷ್ಟು ಸ್ಯಾಂಕ್ಷನ್ ಆಯ್ತು?” ಅಂದ. ಮಂಡ್ಯ ಜಿಲ್ಲೆಯಲ್ಲಿ ಈ ಪದಕ್ಕೆ ಮಂಜೂರು ಅನ್ನುವ ಅರ್ಥ ಬಿಟ್ಟರೆ ಬೇರೆ ಅರ್ಥ ಹುಟ್ಟುವುದು ಕಷ್ಟ. ಆ ದಾರಿ ಅಲ್ಲಿಗೇ ಮುಗಿಯಿತು.

‘ದಿಗ್ಬಂಧನ’ ನೋಡಿದೆ. ಅದು ದಿಕ್ಕು ಕಟ್ಟುವುದು. 1962ರಲ್ಲಿ ಅಮೆರಿಕದ ಹಡಗುಗಳು ಕ್ಯೂಬಾ ಸುತ್ತ ನಿಂತದ್ದಕ್ಕೆ ಸರಿಹೋಗುತ್ತದೆ. 11 ಜನರ ವೀಸಾ ತಡೆದದ್ದಕ್ಕೆ ಜಾಸ್ತಿಯಾಯಿತು. ‘ಮುಟ್ಟುಗೋಲು’ ಕೂಡ ಆಗದು. ಮುಟ್ಟುಗೋಲು ಹಾಕಿಕೊಂಡವರು ವಸ್ತುವನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಹಣ ಇದ್ದಲ್ಲೇ ಇದೆ, ಮುಟ್ಟುವ ಹಾಗಿಲ್ಲ ಅಷ್ಟೆ.

‘ಬಹಿಷ್ಕಾರ’ದ ಹತ್ತಿರ ಸ್ವಲ್ಪ ಹೊತ್ತು ನಿಂತೆ. ನಮ್ಮ ಹಳ್ಳಿಗಳಲ್ಲಿ ಆ ಪದಕ್ಕೆ ಪಕ್ಕಾ ಚಿತ್ರ ಇದೆ. ಅಂಗಡಿಯಲ್ಲಿ ಸಾಮಾನು ಕೊಡಬಾರದು, ಮಾತಾಡಿಸಿದವರಿಗೂ ದಂಡ, ಕೆಲಸಕ್ಕೆ ಕರೆಯಬಾರದು. ಕೆಲಸದ ರೀತಿ ನೋಡಿದರೆ ಇದೇ ಸರಿಯಾದ ಪದ. ಸೇನೆಯ ಎರಡು ದೊಡ್ಡ ಕಂಪನಿಗಳ ಜೊತೆ ವ್ಯವಹಾರ ಮಾಡಬಾರದು ಎಂದು ಅಮೆರಿಕ 2021ರ ಮಾರ್ಚ್‌ನಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆದರೆ ನಮ್ಮ ಕಡೆ ಬಹಿಷ್ಕಾರ ಬಿದ್ದದ್ದೆಲ್ಲ ಕೇರಿಯವರ ಮೇಲೆ, ಜಾತಿ ಬಿಟ್ಟು ಮದುವೆಯಾದವರ ಮೇಲೆ. ಬಂದೂಕು ಹಿಡಿದ ಜನರಲ್ ಒಬ್ಬನನ್ನು ‘ಬಹಿಷ್ಕೃತ’ ಅಂದರೆ ಅವನ ಮೇಲೆ ಕನಿಕರ ಹುಟ್ಟಿಬಿಡುತ್ತದೆ. ನನಗಂತೂ ಬೇಡ ಅನ್ನಿಸಿತು.

ಮಳವಳ್ಳಿಯ ಹುಡುಗಿಯೊಬ್ಬಳು ಒಳ್ಳೆಯ ಸಲಹೆ ಕೊಟ್ಟಳು: “ಕೊಡೋದು ತರೋದು ನಿಲ್ಲಿಸಿದ್ರು ಅಂತ ಬರೀಬೋದಲ್ವಾ?” ಅರ್ಥ ಅಚ್ಚುಕಟ್ಟಾಗಿದೆ. ತೊಂದರೆ ಏನೆಂದರೆ, ಅವಳ ಊರಲ್ಲಿ ಕೊಡೋದು ತರೋದು ಅಂದರೆ ಹೆಣ್ಣು. ಕೊಳ್ಳುವುದು ಕೊಡುವುದು ಅನ್ನುವ ಅರ್ಥದ ಹಳೆಯ ‘ಕೊಳುಕೊಡೆ’ಯನ್ನು ಎತ್ತಿಕೊಂಡು ‘ಕೊಳುಕೊಡೆ ತಡೆ’ ಎಂದು ಮಾಡಿದೆ. ವ್ಯಾಪಾರಕ್ಕೆ ಒಪ್ಪುತ್ತದೆ. ವೀಸಾಕ್ಕೆ ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಬರೆದರೆ ಮೌಲ್ಯಮಾಪಕರು ಏನು ಮಾಡುತ್ತಾರೋ!

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು. 2021ರ ಜೂನ್ 18ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸೇನೆಯನ್ನು ಖಂಡಿಸಿ, ಆ ದೇಶಕ್ಕೆ ಶಸ್ತ್ರಾಸ್ತ್ರ ಹರಿಯುವುದನ್ನು ತಡೆಯಿರಿ ಎಂದು ಕರೆ ಕೊಟ್ಟಿತು. ಪರ 119, ವಿರುದ್ಧ ಬೆಲಾರೂಸ್ ಒಂದೇ. ಇದನ್ನು ‘ಮ್ಯಾನ್ಮಾರ್ ವಿರುದ್ಧ ನಿರ್ಣಯ’ ಎಂದು ನಾನೂ ಹಿಂದೆ ಬರೆಸಿದ್ದೇನೆ. ಅದು ತಪ್ಪು. ಮ್ಯಾನ್ಮಾರ್‌ನ ರಾಯಭಾರಿ ಚೊ ಮೋ ತುನ್ ಅವರೇ ಅದರ ಪರ ಮತ ಹಾಕಿದ್ದರು. ಸೇನೆ ತೆಗೆದುಹಾಕಿದೆ ಎಂದರೂ ಕುರ್ಚಿ ಬಿಡದ ಮನುಷ್ಯ ಅವರು. ದೇಶ ಬೇರೆ, ಸೇನೆ ಬೇರೆ. ಇನ್ನು ಅಲ್ಲಿ ‘ನಿರ್ಬಂಧ ಹೇರಿತು’ ಅನ್ನುವುದೂ ಸಲ್ಲದು. ಸಾಮಾನ್ಯ ಸಭೆ ಕರೆ ಕೊಡಬಹುದು, ಹೇರುವ ಶಕ್ತಿ ಭದ್ರತಾ ಮಂಡಳಿಗೆ ಮಾತ್ರ.

ಅಂದು ಭಾರತವೂ ಸೇರಿ 36 ದೇಶಗಳು ಯಾವ ಕಡೆಯೂ ಮತ ಹಾಕಲಿಲ್ಲ. ಇದಕ್ಕೆ ‘ಗೈರು’ ಅಂದರೆ ಸಭೆಗೇ ಬರಲಿಲ್ಲ ಅಂತಾಗುತ್ತದೆ. ‘ತಟಸ್ಥ’ ವಾಸಿ. ತಟದಲ್ಲಿ ನಿಂತವನು, ಅಂದರೆ ಹೊಳೆ ದಡದಲ್ಲಿ ನಿಂತು ನೋಡುವವನು. ಶ್ರೀರಂಗಪಟ್ಟಣದವರಿಗೆ ವಿವರಿಸಬೇಕಾಗಿಲ್ಲ.

ಸದ್ಯಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟು. ಸೇನೆ ಜನರ ಮೇಲೆ ಹಾಕಿದ್ದಕ್ಕೆ ‘ನಿಷೇಧ’, ‘ದಮನ’. ಹೊರಗಿನವರು ಸೇನೆಯ ಮೇಲೆ ಹಾಕಿದ್ದಕ್ಕೆ ಮಾತ್ರ ‘ನಿರ್ಬಂಧ’, ಅದೂ ‘ಮೇಲೆ’ ಇಲ್ಲದೆ ಬರೆಯುವಂತಿಲ್ಲ. ಇದು ತೇಪೆ ಅಂತ ಗೊತ್ತು. ‘ಶಿಕ್ಷಾಕ್ರಮ’ ಅಂತ ಯಾರಾದರೂ ಬಳಸಿ ನೋಡಿದ್ದೀರಾ? ಅಥವಾ ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಹಿರಿಯರ ಬಾಯಲ್ಲಿ, ದೊಡ್ಡ ಗೌಡನೊಬ್ಬನಿಗೆ ಊರೆಲ್ಲ ಸೇರಿ ಬುದ್ಧಿ ಕಲಿಸಿದ್ದಕ್ಕೆ ಬೇರೆ ಪದ ಇದೆಯಾ? ಬಡವನಿಗೆ ಹಾಕಿದ್ದಕ್ಕಲ್ಲ, ಗೌಡನಿಗೆ ಹಾಕಿದ್ದಕ್ಕೆ. ಗುರುವಾರ ಮತ್ತೆ ಕ್ಲಾಸಿದೆ, ಅಷ್ಟರೊಳಗೆ ಸಿಕ್ಕರೆ ಉಪಕಾರ.